ತವರ ಸೀರೆ ಬರುವತನಕ

ಅಥಣಿ ಸೀಮೆಯ ಐಗಳಿಯಲ್ಲಿ ಯಾವ ಮನೆಯ ಹೆಂಗಸು ತೀರಿಕೊಂಡರೂ ಮೊದಲ ಕರೆ ಹೋಗುವುದು ಅಕ್ಕುತಾಯಿಗೆ. ಮಠದ ಐನಾರಿಗೆ, ಕುಣಿ ತೋಡುವ ಮಾಯಪ್ಪನಿಗೆ, ಭಜನೆಯವರಿಗೆ ಸುದ್ದಿ ಮುಟ್ಟುವುದು ಆಮೇಲೆ. ಅದಕ್ಕೆ ಕಾರಣವಿದೆ. ಅಲ್ಲಿನ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸಿ ಹೂಳುವ ಪದ್ಧತಿಯಿಲ್ಲ. ಚಕ್ಕಳಮಕ್ಕಳ ಹಾಕಿ ಕೂಡ್ರಿಸಿ, ಕೂತಂತೆಯೇ ಹೊತ್ತೊಯ್ದು, ಕೂತಂತೆಯೇ ಮಣ್ಣಿಗಿಡಬೇಕು. ಜೀವ ಹೋದ ಎರಡು ಮೂರು ತಾಸಿನೊಳಗೆ ಮೊಣಕಾಲು ಮಡಚದಿದ್ದರೆ ಮೈ ಕಟ್ಟಿಗೆಯಂತಾಗಿ ಯಾರ ಕೈಗೂ ಬಗ್ಗುವುದಿಲ್ಲ. ಅಕ್ಕುತಾಯಿ ಬಂದು ಬಾಗಿಲಿಗೆ ಅಡ್ಡ ಒಂದು ಸೀರೆ ಕಟ್ಟಿ, ಮೊಣಕಾಲಿಗೆ ಬಿಸಿ ಎಣ್ಣೆ ತೀಡುತ್ತ, “ಸ್ವಲ್ಪ ಸಡ್ಲ ಬಿಡವಾ... ಆತು, ಇನ್ನೊಂದೀಟ” ಎಂದು ಬಾಣಂತಿಗೆ ಹೇಳಿದಂತೆ ಹೇಳುತ್ತಿದ್ದಳು. ಕಾಲು ಮಡಚಿಕೊಳ್ಳುತ್ತಿದ್ದವು. ಆಮೇಲೆ ಬಿಸಿನೀರು, ಅರಿಷಿಣ, ಹಣೆಗೂ ತೋಳಿಗೂ ವಿಭೂತಿ. ಗೋಡೆಗೊರಗಿಸಿ ಕೂಡ್ರಿಸಿ, ಕತ್ತು ವಾಲದಂತೆ ತಲೆಯ ಸುತ್ತ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಿ, ಸೆರಗು ಸರಿಮಾಡಿ ಹೊರಗೆ ಬಂದಳೆಂದರೆ ಒಳಗಿದ್ದ ಹೆಣ ಮತ್ತೆ ಮನೆಯ ಹಿರಿಯಳಂತೆ ಕಾಣುತ್ತಿತ್ತು.

ಈ ಕೆಲಸ ಅವಳಿಗೆ ಬಂದದ್ದು ಅತ್ತೆ ಗೌರವ್ವನಿಂದ. ಮದುವೆಯಾಗಿ ಬಂದ ಮೂರನೆಯ ವರ್ಷ ಓಣಿಯ ಮುದುಕಿಯೊಬ್ಬಳು ಹೋದಾಗ ಗೌರವ್ವ “ನೀರಿನ ಕೊಡ ಹಿಡ್ಕೊಂಡ ಬಾ” ಎಂದು ಸೊಸೆಯನ್ನು ಕರೆದೊಯ್ದಿದ್ದಳು. ಅಂದು ಕೊಡ ಹಿಡಿದವಳು ಮುಂದೊಂದು ದಿನ ಗೌರವ್ವನಿಗೇ ನೀರು ಹಾಕಿದಳು. ಆಮೇಲೆ ನಿಲ್ಲಿಸುವುದು ಆಗಲೇ ಇಲ್ಲ. ಈಗ ಅವಳಿಗೆ ಅರವತ್ತೆರಡು. ಗಂಡ ಹೋಗಿ ಹತ್ತು ವರ್ಷ. ಮಗ ದುಂಡೇಶ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡುವ, ಅಂದರೆ ಬಳ್ಳಿ ಸವರುವ, ಗ್ಯಾಂಗಿನ ಮುಂದಾಳು. ಅವಳ ಮೊಣಕಾಲು ಈಗ ಅವಳ ಮಾತನ್ನೇ ಕೇಳುವುದಿಲ್ಲ. ಹೆಣದ ಮುಂದೆ ಕೂತರೆ ಏಳುವುದಕ್ಕೆ ಯಾರಾದರೂ ಕೈ ಕೊಡಬೇಕು.

ಸಾಕಾಗಿತ್ತು ಅವಳಿಗೆ. ಕೆಲಸಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನದು. ಸಾವಿನ ಮನೆಯಲ್ಲಿ “ಯವ್ವಾ, ನೀ ಬಂದಿ, ಧೈರ್ಯ ಬಂತು” ಎಂದು ಕೈ ಹಿಡಿದುಕೊಳ್ಳುವವರೇ ಮದುವೆಯ ಮನೆಯಲ್ಲಿ ಮದುಮಕ್ಕಳಿಗೆ ಎರೆಯುವ ಸುರಿಗೆ ನೀರಿಗೆ ನಿಂತಾಗ “ಆಯಿ, ನೀ ಅಲ್ಲೆ ಕಟ್ಟಿ ಮ್ಯಾಲ ಕೂಡ್ರು, ಚಹಾ ಕಳಸ್ತೇವಿ” ಎನ್ನುತ್ತಿದ್ದರು. ಗಂಡ ಬದುಕಿದ್ದಾಗಲೂ ಹಾಗೆಯೇ ಅನ್ನುತ್ತಿದ್ದರು. ಅವಳ ಕೈಯನ್ನು ಯಾರೂ ಬೈಯಲಿಲ್ಲ, ಆದರೆ ಆ ಕೈ ಮದುಮಗಳ ಗಲ್ಲಕ್ಕೆ ತಾಗದಂತೆ ನೋಡಿಕೊಂಡರು. ಮಗನ ಮದುವೆಯಲ್ಲಿ ಸೊಸೆಗೆ ಅರಿಷಿಣ ಹಚ್ಚುವಾಗಲೂ ಬೀಗರ ಕಡೆಯ ಒಬ್ಬಾಕೆ ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದ್ದಳು. ಅಕ್ಕುತಾಯಿ ನೋಡಿಯೂ ನೋಡದಂತೆ ಎದ್ದು ಹೋಗಿ ಅಡುಗೆಮನೆಯಲ್ಲಿ ಕೂತಿದ್ದಳು.

ಊರಿಗೆ ಸಾವಿನಲ್ಲೂ ಒಂದು ತೂಕವಿತ್ತು. ಮೊಮ್ಮಕ್ಕಳ ಮಕ್ಕಳನ್ನು ಕಂಡು ಹೋದವರಿಗೆ ಹಲಗೆ ಬಾರಿಸಿ, ಬಾಳೆಕಂಬ ಕಟ್ಟಿದ ‘ವಿಮಾನ’ ಎಂಬ ಚಟ್ಟದಲ್ಲಿ ಕೂಡ್ರಿಸಿ, ದಾರಿಯುದ್ದಕ್ಕೂ ಚುರಮುರಿ ಚೆಲ್ಲುತ್ತ ಒಯ್ಯುತ್ತಿದ್ದರು. ಹರೆಯದವರು ಹೋದರೆ ಹಲಗೆಯಿಲ್ಲ. ಗಂಡನಿರುವಾಗಲೇ ಹೋದವಳಿಗೆ ಹಸಿರು ಬಳೆ, ಕುಂಕುಮ, ತುಂಬಿದ ಉಡಿ; ನೆರೆದ ಹೆಂಗಸರು “ಭಾಗ್ಯವಂತಿ, ಮುತ್ತೈದಿಯಾಗಿ ಹ್ವಾದ್ಲು” ಎಂದು ಸ್ವಲ್ಪ ಹೊಟ್ಟೆಕಿಚ್ಚು ಬೆರೆಸಿಯೇ ಅಳುತ್ತಿದ್ದರು. ವಿಧವೆಗೆ ಬರೀ ವಿಭೂತಿ. ಆದರೆ ಒಂದು ನಿಯಮ ಮಾತ್ರ ಬಡವರಿಗೂ ಒಂದೇ, ಸಾವುಕಾರರಿಗೂ ಒಂದೇ. ಹೆಣ್ಣುಮಗಳು ಇಪ್ಪತ್ತರವಳಿರಲಿ, ತೊಂಬತ್ತರವಳಿರಲಿ, ಕಡೆಯ ಸೀರೆ ತವರಿನಿಂದ ಬರಬೇಕು. ಅಣ್ಣನೋ ತಮ್ಮನೋ, ಅವರಿಲ್ಲದಿದ್ದರೆ ಅವರ ಮಕ್ಕಳೋ ತಂದು ಹೊದಿಸಬೇಕು. ತವರಿನವರು ಮುಖ ನೋಡಿದ ಮೇಲೆಯೇ ಮಣ್ಣು.

ಇನ್ನು, ನೀರು ಹಾಕುವವಳಿಗೆ ಬೇರೆ ಯಾರಿಗೂ ಕಾಣದ್ದು ಕಾಣುತ್ತದೆ. ಸೀರೆ ಬಿಚ್ಚಿದ ಮೇಲೆ ಯಾವ ಮನೆಯದೂ ಗುಟ್ಟು ಉಳಿಯುವುದಿಲ್ಲ. ಮಲಗಿದ್ದಲ್ಲೇ ತಿಂಗಳುಗಟ್ಟಲೆ ಬಿಟ್ಟ ಅತ್ತೆಯ ಬೆನ್ನಿನ ಹುಣ್ಣು, ಸೊಸೆಯ ತೊಡೆಯ ಮೇಲಿನ ಹಳೆಯ ಬರೆ, ಊಟ ಕಾಣದೆ ಒಳಸೇರಿದ ಹೊಟ್ಟೆ. ಗೌರವ್ವ ಮೊದಲ ದಿನವೇ ಹೇಳಿದ್ದಳು, “ಕಂಡದ್ದ ಇಲ್ಲೇ ನೀರಿನ ಜೋಡಿ ಬಿಟ್ಟ ಬರಬೇಕ ನೋಡ. ಹೊರಗ ಒಯ್ದಿ ಅಂದ್ರ ನಿನ್ನ ಯಾರೂ ಕರಿಯಂಗಿಲ್ಲ.” ಅಕ್ಕುತಾಯಿ ಬಿಟ್ಟು ಬರುತ್ತಿದ್ದಳು.

ಒಂದನ್ನು ಮಾತ್ರ ಬಿಟ್ಟು ಬರಲಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಹಳೇ ಊರಿನ ಮನೆಯೊಂದರಲ್ಲಿ ಮಹಾನಂದಾ ಎಂಬ ಸೊಸೆ ಸತ್ತಿದ್ದಳು. ಫಿಟ್ಸ್ ಬಂತು ಅಂದರು. ಕುತ್ತಿಗೆಯ ಎರಡೂ ಬದಿಗೆ ಬೆರಳು ಮೂಡಿದ್ದವು. ಅಕ್ಕುತಾಯಿ ಒಂದು ಗಳಿಗೆ ನಿಂತು, ಆಮೇಲೆ ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಕುತ್ತಿಗೆಗೆಲ್ಲ ದಪ್ಪಗೆ ಬಳಿದು, ಸೆರಗನ್ನು ಗಲ್ಲದತನಕ ಎಳೆದು ಕೂಡ್ರಿಸಿದ್ದಳು. ಮಧ್ಯಾಹ್ನ ಮಹಾನಂದಾಳ ತಾಯಿ ಬಂದಳು. ಮಗಳ ಮುಂದೆ ಅತ್ತು ಅತ್ತು ಸೋತು, ಎದ್ದು ಬಂದು ಅಕ್ಕುತಾಯಿಯ ಎರಡೂ ಕೈ ಹಿಡಿದು, “ನನ್ನ ಮಗಳನ್ನ ಚೊಲೋ ಸಿಂಗಾರ ಮಾಡಿದಿ ಯವ್ವಾ, ನಿನಗ ಪುಣ್ಯ ಬರ್ಲಿ” ಅಂದಳು. ಅವತ್ತಿನಿಂದ ಅಕ್ಕುತಾಯಿ ವಿಭೂತಿ ಕಲಸುವಾಗಲೆಲ್ಲ ಆ ಮಾತು ಕಿವಿಗೆ ಬರುತ್ತಿತ್ತು.

ಆಷಾಢದ ಒಂದು ಗುರುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಬಾಪುಸಾಹೇಬರ ತೋಟದ ಆಳು ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿದ. ಬಾಪುಸಾಹೇಬರೆಂದರೆ ಊರ ಹೊರಗೆ ಮೂರು ಮೈಲಿ ಆಚೆ ತೋಟದಲ್ಲೇ ಮನೆ ಮಾಡಿಕೊಂಡವರು. ಇಪ್ಪತ್ತು ಎಕರೆ ದ್ರಾಕ್ಷಿ, ಅದನ್ನು ಒಣಗಿಸುವ ಮಣೂಕದ ಶೆಡ್ಡು. ದುಂಡೇಶನ ಗ್ಯಾಂಗಿಗೆ ವರ್ಷದಲ್ಲಿ ಅರ್ಧ ಕೆಲಸ ಅವರಲ್ಲೇ.

“ಸಣ್ಣ ಸಾವ್ಕಾರ್ತಿ ಹ್ವಾದ್ಲಬೇ,” ಆಳು ಅಂದ. “ಸಂಜಯಣ್ಣನ ಹೇಣ್ತಿ. ಮುಂಜಾನೆ ಒಂಬತ್ತಕ್ಕ ಎದಿ ಹಿಡ್ಕೊಂಡ ಕುಂತಾಕಿ ಹಂಗ ಹ್ವಾದ್ಲಂತ. ಲಗೂ ಬಾ ಅಂದಾರ.”

ಉಜ್ವಲಾ. ಕೃಷ್ಣೆಯ ದಂಡೆಯ ಜುಗೂಳದವಳು, ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ಮೂರು. ಅಕ್ಕುತಾಯಿ ಅವಳನ್ನು ಎರಡೇ ಸಲ ಕಂಡಿದ್ದಳು. ಒಮ್ಮೆ ಮಾರಮ್ಮನ ಗುಡಿಯಲ್ಲಿ ಅವಳು ತಾನಾಗಿ ಬಂದು ಕಾಲಿಗೆ ನಮಸ್ಕಾರ ಮಾಡಿದ್ದಳು. ಯಾರ ಕಾಲು ಎಂದು ಗೊತ್ತಿಲ್ಲದ ಹೊಸ ಸೊಸೆ, ಪಾಪ.

ತೋಟದ ಮನೆ ಮುಟ್ಟಿದಾಗ ಅಂಗಳದಲ್ಲಿ ಹತ್ತು ಹದಿನೈದು ಜನರಿದ್ದರು. ತೋಟದ ಮೂಲೆಯ ಬೇವಿನ ಗಿಡದ ಬುಡದಲ್ಲಿ ಮಾಯಪ್ಪ ಆಗಲೇ ಎದೆಮಟ್ಟ ಕುಣಿಯಲ್ಲಿ ಇಳಿದಿದ್ದ. ಅದನ್ನು ನೋಡಿ ಅಕ್ಕುತಾಯಿ ನಿಂತಳು. ಒಂಬತ್ತಕ್ಕೆ ಹೋದವಳಿಗೆ ಹತ್ತೂವರೆಗೆ ಎದೆಮಟ್ಟ ಕುಣಿ? ಆ ಕರೀ ನೆಲದಲ್ಲಿ ಅಷ್ಟು ತೋಡಲು ಎಂಥವನಿಗೂ ಮೂರು ತಾಸು ಬೇಕು.

ಒಳಗೆ ಹೋಗಿ ಬಾಗಿಲಿಗೆ ಸೀರೆ ಕಟ್ಟಿದಳು. ಕೌದಿ ಸರಿಸಿ ಮೊಣಕಾಲಿಗೆ ಕೈ ಹಾಕಿದಳು. ಕಲ್ಲು. ಮೊಣಕೈ ಹಿಡಿದು ನೋಡಿದಳು, ದವಡೆ ಮುಟ್ಟಿದಳು. ಅದು ಒಂದೂವರೆ ತಾಸಿನ ಹೆಣವಲ್ಲ. ನಲವತ್ತು ವರ್ಷ ಕೈ ಆಡಿಸಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿ ಹೋದದ್ದು ನಿನ್ನೆ ಹೊತ್ತು ಮುಳುಗುವ ಮೊದಲೇ. ಕುತ್ತಿಗೆಗೆ ಯಾರೋ ಒಂದು ಟವೆಲ್ ಸುತ್ತಿದ್ದರು. ಅದನ್ನು ಬಿಡಿಸಿದಳು. ಆಮೇಲೆ ಮತ್ತೆ ಸುತ್ತಿ, ಹಾಗೆಯೇ ಕೂತಳು.

ಮೂಲೆಯಲ್ಲಿ ಹಿತ್ತಾಳೆಯ ತಟ್ಟೆಯಲ್ಲಿ ವಿಭೂತಿ ಗಟ್ಟಿ ಇಟ್ಟಿದ್ದರು, ಪಕ್ಕದಲ್ಲಿ ಹೊಸ ಹಸಿರು ಸೀರೆ, ಒಂದು ಡಜನ್ ಬಳೆ. ಎಲ್ಲ ತಯಾರು. ವಿಭೂತಿ ಬಳಿದು ಸೀರೆ ಹೊದಿಸಿದರೆ ಸಾಕು, ಅರ್ಧ ತಾಸಿನ ಕೆಲಸ. ಹೊರಗಿಂದ ಯಾವಳೋ, “ಭಾಗ್ಯವಂತಿ, ಕುಂಕುಮ ಹಚ್ಕೊಂಡ ಹ್ವಾದ್ಲು” ಎಂದು ರಾಗ ತೆಗೆದಳು.

ಅಕ್ಕುತಾಯಿ ಗೋಡೆ ಹಿಡಿದು ಎದ್ದು ಹೊರಗೆ ಬಂದಳು.

“ಜುಗೂಳಕ್ಕ ಸುದ್ದಿ ಮುಟ್ಟೇತೇನ್ರಿ?” ಎಂದು ಕೇಳಿದಳು.

ಬಾಪುಸಾಹೇಬರು ಪಡಸಾಲೆಯ ಕುರ್ಚಿಯಲ್ಲಿದ್ದರು. ಮಗ ಸಂಜಯ ಕಂಬಕ್ಕೊರಗಿ ನೆಲ ನೋಡುತ್ತ ಕೂತಿದ್ದ. “ಮುಟ್ಟೇತಿ,” ಅಂದರು ಬಾಪುಸಾಹೇಬರು. “ಹೊಳಿ ಬಂದೈತಿ ಅಲ್ಲೆ. ದಾರಿ ಬಂದ್ ಆಗ್ಯಾವು. ನಮಗ ಬರಾಕ ಆಗಂಗಿಲ್ಲ, ನೀವ ಮುಗಸ್ರಿ ಅಂದಾರ. ಸೀರಿ ನಾವ ಅಥಣಿಯಿಂದ ತರಿಸೇವಿ. ಅವರ ಹೆಸರ್ಲೆ ಹೊಚ್ಚೂನು.”

“ಅವರ ಹೆಸರ್ಲೆ ಹೊಚ್ಚಿದ್ದು ತವರ ಸೀರಿ ಹೆಂಗಾಕೈತ್ರಿ?”

“ಮತ್ತೇನ ಮಾಡಬೇಕಂತಿ? ಮೈ ಸೆಟೀತೈತಿ. ಲಗೂನ ಕೂಡ್ರಸು.”

“ಸೆಟೆದ ಭಾಳ ಹೊತ್ತಾಗೈತ್ರಿ ಸಾವ್ಕಾರ್ರ,” ಅಂದಳು ಅಕ್ಕುತಾಯಿ.

ಅವಳು ಅದನ್ನು ಮೆಲ್ಲಗೇ ಹೇಳಿದ್ದಳು. ಆದರೂ ಸಂಜಯ ತಲೆ ಎತ್ತಿದ. ಬಾಪುಸಾಹೇಬರು ಅವಳನ್ನೇ ನೋಡಿದರು, ಅವಳೂ ನೋಡಿದಳು. ಟವೆಲಿನ ಮಾತು ಎತ್ತಿದರೆ ‘ಮುದುಕಿಗೆ ಅರಳುಮರಳು’ ಎಂದು ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳುತ್ತಿದ್ದರು, ಬೇರೆ ಯಾರನ್ನೋ ಕರೆದು ನೀರು ಹಾಕಿಸಿ ಒಂದು ತಾಸಿನಲ್ಲಿ ಮಣ್ಣು ಮಾಡುತ್ತಿದ್ದರು. ಅವಳ ಕೈಯಲ್ಲಿ ಇದ್ದದ್ದು ಆ ಒಂದು ನಿಯಮ ಅಷ್ಟೇ.

“ತವರ ಸೀರಿ ಬರೂತನಕಾ ನಾ ನೀರ ಹಾಕಂಗಿಲ್ಲ,” ಅಂದಳು, ಈ ಸಲ ಅಂಗಳಕ್ಕೆಲ್ಲ ಕೇಳುವಂತೆ. “ನಮ್ಮತ್ತಿ ಹಾಕಿಲ್ಲ, ನಾನೂ ಹಾಕಂಗಿಲ್ಲ. ಹರೇದ ಹುಡಿಗಿ, ಆಸಿ ಇಟ್ಕೊಂಡ ಹೋಗ್ಯಾಳ. ತವರಿನವರ ಮುಖ ಕಾಣಲಾರದ ಮಣ್ಣ ಹಾಕಿದ್ರ ಈ ಮನಿ ಬಿಟ್ಟ ಹೋಗಾಕಿ ಅಲ್ಲ ಆಕಿ.”

ಕಡೆಯ ಮಾತು ಕೇಳಿ ನೆರೆದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬ ಮುದುಕಿ, “ಅದ ಖರೇ ಐತಿ ಬಿಡ್ರಿ. ಸೀರಿ ಬರ್ಲಿ,” ಅಂದಳು. ಇನ್ನಿಬ್ಬರು ಹೌದೆಂದರು. ಬಾಪುಸಾಹೇಬರಿಗೆ ಊರ ಹೆಂಗಸರೆದುರು ಶಾಸ್ತ್ರ ಬೇಡ ಅನ್ನಲು ಬಾಯಿ ಬರಲಿಲ್ಲ. “ಒಂದ ತಾಸ ನೋಡೂನು,” ಎಂದು ಎದ್ದು ಹೋದರು.

ಅಕ್ಕುತಾಯಿ ಒಂದು ಚರಿಗೆ ನೀರು ತೆಗೆದುಕೊಂಡು ಬೇವಿನ ಗಿಡದ ಕಡೆ ನಡೆದಳು. ಮಾಯಪ್ಪ ಕುಣಿಯೊಳಗಿಂದ ಕೈ ಚಾಚಿ ಚರಿಗೆ ತೆಗೆದುಕೊಂಡ. ಇಬ್ಬರೂ ಮೂವತ್ತು ವರ್ಷದಿಂದ ಒಂದೇ ಮನೆಗಳಿಗೆ ಹೋಗಿ ಬಂದವರು. ಒಬ್ಬರೊಂದಿಗೊಬ್ಬರು ಹೆಚ್ಚು ಮಾತಾಡಿದವರಲ್ಲ.

“ನಿನಗ ಯಾವಾಗ ಕರದ್ರೋ ಮಾಯಪ್ಪ?”

“ಏಳಕ್ಕ,” ಅಂದ ಅವನು ನೀರು ಕುಡಿದು. ಆಮೇಲೆ ಚರಿಗೆ ಕೆಳಗಿಟ್ಟು ಅವಳ ಮುಖ ನೋಡಿದ. “ಯಾಕಬೇ?”

“ನಿನ್ನ ಮಗಳನ್ನ ಜುಗೂಳಕ್ಕ ಕೊಟ್ಟಿ ಅಲ್ಲ?”

“ಹೂಂ.”

“ಹೊಳಿ ಬಂದು ಫೋನೂ ಹತ್ತವಲ್ದು ಏನ್ ಅಲ್ಲೆ?”

ಮಾಯಪ್ಪ ಗುದ್ದಲಿಯನ್ನು ಕುಣಿಯ ಗೋಡೆಗೆ ಒರಗಿಸಿದ. ಅವನ ಅಂಗಿ ಬೇವಿನ ಟೊಂಗೆಗೆ ನೇತುಬಿದ್ದಿತ್ತು, ಫೋನು ಅದರ ಕಿಸೆಯಲ್ಲಿತ್ತು. “ನಿನ್ನಿ ಸಂಜೀಕ ಮಾತಾಡ್ಯಾಳ,” ಅಂದ. “ಊರ ಸಾಲ್ಯಾಗ ಅದಾರ ಎಲ್ಲಾರೂ. ಆ ಅಂಗಿ ಕೊಡಿಲ್ಲೆ.”

ಅವನು ಕುಣಿಯೊಳಗೇ ಕೂತು ಫೋನು ಮಾಡಿದ. ಅಕ್ಕುತಾಯಿ ಮೇಲೆ ನಿಂತು ಮನೆಯ ಕಡೆ ನೋಡುತ್ತಿದ್ದಳು. ಜುಗೂಳಕ್ಕೆ ಯಾರೂ ಏನೂ ಹೇಳಿರಲಿಲ್ಲ. ಉಜ್ವಲಾಳ ತಾಯಿ ಕಾಳವ್ವ, ಅಣ್ಣ ಲಖನ, ಅದೇ ಶಾಲೆಯ ಕಾಳಜಿ ಕೇಂದ್ರದಲ್ಲಿ ಪಕ್ಕದ ಕೋಣೆಯಲ್ಲಿದ್ದರು. ಮಾಯಪ್ಪನ ಮಗಳು ಅಲ್ಲಿಂದಲೇ ಕೂಗಿದ್ದು ಫೋನಿನಿಂದ ಹೊರಗೂ ಕೇಳಿಸಿತು.

“ಎಷ್ಟ ಹೊತ್ತ ಬೇಕಂತ?” ಅಕ್ಕುತಾಯಿ ಕೇಳಿದಳು.

“ತಗ್ಗಿನ ದಾರಿಮ್ಯಾಲ ನೀರ ಐತಿ. ಟ್ರ್ಯಾಕ್ಟರ್ ಮ್ಯಾಲ ಶಿರಗುಪ್ಪಿತನಕ ಬಂದು ಆಮ್ಯಾಲ ಗಾಡಿ ಹಿಡೀಬೇಕು. ನಾಕ್ ತಾಸರ ಆಕೈತಿ.” ಅವನು ಗುದ್ದಲಿ ಎತ್ತಿಕೊಂಡು ಕುಣಿಯ ತಳಕ್ಕೆ ಒಂದು ಏಟು ಹಾಕಿದ. “ಇಲ್ಲೆ ಕಲ್ಲ ಹತ್ತೈತಿ,” ಅಂದ. ಅಲ್ಲಿ ಕಲ್ಲಿರಲಿಲ್ಲ. “ಇದ ಲಗೂ ಮುಗಿಯಂಗಿಲ್ಲ ಅಂತ ಹೇಳ ಅವರಿಗೆ.”

ಅವತ್ತಿನ ಆ ನಾಲ್ಕು ತಾಸು ಅಕ್ಕುತಾಯಿಗೆ ನಾಲ್ಕು ದಿನದಷ್ಟಾಯಿತು. ಹೆಣವಿದ್ದ ಕೋಣೆಯ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಳು. ಯಾರು ಒಳಗೆ ಹೋಗಬೇಕೆಂದರೂ ಅವಳನ್ನು ದಾಟಿ ಹೋಗಬೇಕು. ಹನ್ನೆರಡಕ್ಕೆ ಬಾಪುಸಾಹೇಬರು ಬಂದು ಗದರಿದರು. ಒಂದಕ್ಕೆ ಮೆತ್ತಗಾಗಿ, “ನಿನಗೂ ವಯಸ್ಸಾತು, ಮನಿಗೆ ಹೋಗಿ ಅಡ್ಡಾಗು, ನಾವು ನೋಡ್ಕೋತೀವಿ,” ಅಂದರು. ಅವಳು ಏಳಲಿಲ್ಲ. ಏಳಬೇಕೆಂದರೂ ಮೊಣಕಾಲು ಏಳಿಸುತ್ತಿರಲಿಲ್ಲ. ಒಂದೂವರೆಗೆ ದುಂಡೇಶ ಬಂದ. ಯಾರೋ ಕರೆಸಿದ್ದರು.

“ಅವ್ವಾ, ಏನ ಹಚ್ಚಿ ಇದು? ಸಾವ್ಕಾರ್ರು ನನಗ ಫೋನ್ ಮ್ಯಾಲ ಫೋನ್ ಮಾಡಾಕತ್ತಾರ.”

“ಏನ ಹಚ್ಚೇನಿ? ಸೀರಿ ದಾರಿ ಕಾಯಾಕತ್ತೇನಿ.”

“ನಮ್ಮ ಹೊಟ್ಟಿ ಇವರ ತ್ವಾಟದಾಗ ಐತಿ, ಗೊತ್ತೈತಿಲ್ಲ?” ಅವನು ಬಗ್ಗಿ, ದನಿ ಇಳಿಸಿ ಕೇಳಿದ, “ಒಳಗ ಏನರ ನೋಡಿದೇನ್?”

ಅಕ್ಕುತಾಯಿ ಮಗನ ಮುಖ ನೋಡಿದಳು. ಎಲ್ಲ ಹೇಳಿಬಿಡಬೇಕೆನಿಸಿತು. ಹೇಳಿದರೆ ಅವನೂ ಹೊರಬೇಕಾಗುತ್ತದೆ. “ನೀ ಮನಿಗೆ ಹೋಗ,” ಅಂದಳು. ಅವನು ಸಿಟ್ಟಿನಿಂದ ಬೈಕ್ ಏರಿ ಹೋದ.

ಮೂರೂವರೆಗೆ ಕ್ರೂಸರ್ ಗಾಡಿ ಬಂದು ನಿಂತಿತು. ಕಾಳವ್ವ ಇಳಿದಳು. ಸೀರೆಯ ಅಂಚು ಮೊಣಕಾಲತನಕ ಕೆಸರಾಗಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಸೀರೆ ಎದೆಗವಚಿಕೊಂಡಿದ್ದಳು. ಹೊಸದಲ್ಲ, ಅವಳದೇ ಮದುವೆಯ ಇಳಕಲ್ ಸೀರೆ. ನೀರು ಮನೆಗೆ ಹೊಕ್ಕಾಗ ಟ್ರಂಕಿನಿಂದ ಎತ್ತಿಕೊಂಡು ಬಂದಿದ್ದು ಅದೊಂದೇ. ಅವಳ ಹಿಂದೆ ಲಖನ, ಇನ್ನು ಆರೇಳು ಗಂಡಸರು. ಹೆಂಗಸರು ಅಳುವ ದನಿ ಎತ್ತಿದರು.

ಕಾಳವ್ವ ಬಾಗಿಲಿಗೆ ಬಂದಾಗ ಅಕ್ಕುತಾಯಿ ಅವಳ ಕೈಯನ್ನೇ ಹಿಡಿದು ಎದ್ದಳು.

“ತಂಗಿ,” ಅಂದಳು, “ಇವತ್ತ ನಾ ನೀರ ಹಾಕಂಗಿಲ್ಲ. ನೀನ ಹಾಕು.”

“ನನ್ನ ಕೈಲೆ ಆಗಂಗಿಲ್ಲ ಯವ್ವಾ... ಹಡದ ಕೈಲೆ ಹೆಂಗ ಹಾಕ್ಲಿ?”

“ಹಡದ ಕೈಲೇ ಹಾಕಬೇಕು. ಎಲ್ಲಾ ಬಿಚ್ಚಿ, ಎಲ್ಲಾ ಕಡೆ ತೊಳಿ. ಕುತ್ತಿಗಿ ಚೊಲೋ ತೊಳಿ.”

ಅವಳು ಕಾಳವ್ವನನ್ನು ಒಳಗೆ ಬಿಟ್ಟು ಸೀರೆಯ ಮರೆ ಎಳೆದು ಹೊರಗೇ ನಿಂತಳು. ಒಳಗೆ ಚರಿಗೆಯ ಸದ್ದಾಯಿತು, “ನನ್ನ ಬಂಗಾರ, ನನ್ನ ಕೂಸ” ಎಂಬ ಮಾತು ಕೇಳಿತು. ಆಮೇಲೆ ಎಲ್ಲ ಸದ್ದೂ ನಿಂತಿತು. ಅಕ್ಕುತಾಯಿ ಕಣ್ಣು ಮುಚ್ಚಿಕೊಂಡಳು. ಆ ಮೇಲೆ ಬಂದ ಕೂಗಿನಲ್ಲಿ ಅಳುವಿರಲಿಲ್ಲ.

“ಲಖನಾ! ಏ ಲಖನಾ! ಒಳಗ ಬಾರೋ! ನಿನ್ನ ತಂಗಿ ಕುತ್ತಿಗಿ ನೋಡ ಬಾರೋ!”

ಆಮೇಲಿನದು ಬೇಗ ಬೇಗ ನಡೆಯಿತು. ಲಖನ ಸಂಜಯನ ಎದೆಯ ಮೇಲಿನ ಅಂಗಿ ಹಿಡಿದ, ಬಿಡಿಸಿದರು. ಜುಗೂಳದವರಲ್ಲೊಬ್ಬ ನೂರಾ ಹನ್ನೆರಡಕ್ಕೆ ಫೋನು ಮಾಡಿದ. ಪೊಲೀಸರು ಬಂದರು, ಮದುವೆಯಾದ ಏಳು ವರ್ಷದೊಳಗೆ ಸತ್ತರೆ ತಾವೇ ಹೆಣ ನೋಡಬೇಕೆಂದು ತಹಸೀಲ್ದಾರರೂ ಬಂದರು. ಹೊತ್ತು ಮುಳುಗುವ ಮೊದಲು ಉಜ್ವಲಾಳನ್ನು ಆಂಬುಲೆನ್ಸಿನಲ್ಲಿ ಒಯ್ದರು. ಅಕ್ಕುತಾಯಿಯ ಹೇಳಿಕೆ ಬರೆದುಕೊಂಡ ಮಹಿಳಾ ಪೇದೆ, “ಇಷ್ಟ ಗೊತ್ತಿದ್ರ ಮೊದಲ ಯಾಕ ಫೋನ್ ಮಾಡ್ಲಿಲ್ಲಬೇ?” ಎಂದು ಕೇಳಿದಳು. ಪೊಲೀಸರಿಗೆ ಫೋನು ಮಾಡಬಹುದು ಎಂಬುದು ಅಕ್ಕುತಾಯಿಯ ತಲೆಗೇ ಬಂದಿರಲಿಲ್ಲ.

ಎಲ್ಲರೂ ಹೋದ ಮೇಲೆ ಮಾಯಪ್ಪ ಒಬ್ಬನೇ ಬೇವಿನ ಗಿಡದ ಬಳಿ ಉಳಿದಿದ್ದ. ತೋಡಿದ ಕುಣಿಯನ್ನು ಬರಿದೇ ಬಿಡಬಾರದು. ಬಿಟ್ಟರೆ ಅದು ಇನ್ನೊಬ್ಬರನ್ನು ಬೇಡುತ್ತದೆ ಎಂದು ಅಲ್ಲಿಯ ನಂಬಿಕೆ. ಅವನು ಒಂದು ಬೇವಿನ ಟೊಂಗೆ ಮುರಿದು ಕುಣಿಗೆ ಹಾಕಿ, ಬೆಳಗಿನಿಂದ ತೆಗೆದ ಮಣ್ಣನ್ನೆಲ್ಲ ಮತ್ತೆ ಎಳೆದು ಮುಚ್ಚಿದ. ಯಾರೂ ಅವನಿಗೆ ಚಹಾ ಕೂಡ ಕೊಡಲಿಲ್ಲ.

ಮರುದಿನ ಮಧ್ಯಾಹ್ನ ಲಖನ ಗಾಡಿ ತಂದು ಅಕ್ಕುತಾಯಿಯ ಬಾಗಿಲಲ್ಲಿ ನಿಂತ. ತಂಗಿಯನ್ನು ಗಂಡನ ಮನೆಯ ಮಣ್ಣಿಗೆ ಕೊಡುವುದಿಲ್ಲ, ನಮ್ಮಲ್ಲಿಗೇ ಒಯ್ಯುತ್ತೇವೆ, ಅವ್ವ ನಿಮ್ಮನ್ನೇ ಕರೆದು ತಾ ಅಂದಿದ್ದಾಳೆ ಎಂದ. ಒಳಗಿದ್ದ ದುಂಡೇಶ ಹೊರಗೆ ಬರಲಿಲ್ಲ. ಅಕ್ಕುತಾಯಿ ಹೋದಳು.

ಜುಗೂಳದ ಸ್ಮಶಾನದ ಮೇಲೆ ಆಳೆತ್ತರ ಕೃಷ್ಣೆ ಹರಿಯುತ್ತಿತ್ತು. ಶಿರಗುಪ್ಪಿಯ ಎತ್ತರದಲ್ಲಿ ಕಾಳವ್ವನ ಅಣ್ಣನ ಕಬ್ಬಿನ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಹೆಣವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಅಕ್ಕುತಾಯಿ ಮೊಣಕಾಲು ಮುಟ್ಟಿ ನೋಡಿದಳು. ಈಗ ಸಡಿಲಾಗಿದ್ದವು, ಮಡಚಬಹುದಿತ್ತು. ಆದರೆ ಎದೆಯಿಂದ ಹೊಟ್ಟೆಯತನಕ ಆಸ್ಪತ್ರೆಯ ಹೊಲಿಗೆ. ಕೂಡ್ರಿಸಿದರೆ ಹುಡುಗಿ ಮತ್ತೊಮ್ಮೆ ನೋಯುವಂತೆ ಕಂಡಿತು. ಅವಳು ನೀರು ಹಾಕಲಿಲ್ಲ. ಒದ್ದೆ ಬಟ್ಟೆಯಲ್ಲಿ ಮುಖ, ಕೈ, ಕಾಲು ಒರೆಸಿದಳು. ಹಣೆಗೆ ವಿಭೂತಿಯಿಟ್ಟಳು. ಕುತ್ತಿಗೆಗೆ ಏನನ್ನೂ ಹಚ್ಚಲಿಲ್ಲ. ಉಡಿಯಲ್ಲಿ ಅಕ್ಕಿ ಹಾಕಿ, ಬಳೆ ತೊಡಿಸಲು ಕೈ ಹಿಡಿದವಳು ಕಾಳವ್ವನ ಕಡೆ ನೋಡಿದಳು. ಕಾಳವ್ವ ಬೇಡವೆಂದು ತಲೆಯಲ್ಲಾಡಿಸಿದಳು.

“ಮಲಗಿಸೇ ಇಡ್ರಿ,” ಎಂದಳು ಅಕ್ಕುತಾಯಿ, ಮರೆಯಿಂದ ಹೊರಗೆ ಬಂದು.

ಒಬ್ಬ ಹಿರಿಯರು ತಡೆದರು. “ನಮ್ಮಲ್ಲೆ ಕೂಡ್ರಸೂದು ಐತಿ ಅಕ್ಕಾ. ಮಲಗಿಸಿದ್ರ ಮುಕ್ತಿ ಹೆಂಗ?”

“ದಣದೈತ್ರಿ ಎಪ್ಪಾ ಕೂಸು,” ಅಂದಳು ಅಕ್ಕುತಾಯಿ. “ಕುಂಡ್ರೂ ಶಕ್ತಿ ಇಲ್ಲ ಅದಕ್ಕ. ಮಲಗ್ಲಿ.”

ಹಿರಿಯರು ಪಕ್ಕಕ್ಕೆ ಸರಿದರು. ಲಖನ ಅವ್ವನ ಇಳಕಲ್ ಸೀರೆಯನ್ನು ಅಡಿಯಿಂದ ಮುಡಿಯತನಕ ಹೊದಿಸಿದ. ಐನಾರು ಬಿಲ್ವಪತ್ರೆ ಹಾಕಿದರು. ಸಣ್ಣಗೆ ಮಳೆ ಬರುತ್ತಿತ್ತು, ಕೆಸರು ಮಣ್ಣು ಕೈಗೆ ಅಂಟಿಕೊಂಡು ಕುಣಿಗೆ ಬೀಳದೆ, ಪ್ರತಿಯೊಬ್ಬರೂ ಕೈ ಕೊಡವಿ ಕೊಡವಿ ಹಾಕಬೇಕಾಯಿತು.

ಆ ವರ್ಷ ಬಾಪುಸಾಹೇಬರ ತೋಟದಲ್ಲಿ ದುಂಡೇಶನ ಗ್ಯಾಂಗಿಗೆ ಕೆಲಸ ಸಿಗಲಿಲ್ಲ, ಅವರ ಬೀಗರ ತೋಟಗಳಲ್ಲೂ ಸಿಗಲಿಲ್ಲ. ಅವನು ಚಾಟ್ನಿಯ ಹಂಗಾಮಿಗೆ ಗಡಿಯಾಚೆ ತಾಸಗಾಂವದ ಕಡೆ ಹೋದ. ತಿಂಗಳುಗಟ್ಟಲೆ ತಾಯಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ದೀಪಾವಳಿಗೆ ಬಂದಾಗ ಅವಳ ಮೊಣಕಾಲಿಗೆಂದು ಒಂದು ಎಣ್ಣೆಯ ಬಾಟಲಿ ತಂದು ಗೂಡಿನಲ್ಲಿಟ್ಟ. ಕೈಗೆ ಕೊಡಲಿಲ್ಲ. ಊರಲ್ಲಿ ಕೆಲವರು ಅಕ್ಕುತಾಯಿಯನ್ನು ಕರೆಯುವುದನ್ನು ಬಿಟ್ಟರು. ಹೆಚ್ಚಿನವರು ಕರೆಯುತ್ತಲೇ ಇದ್ದರು, ಏಕೆಂದರೆ ಬೇರೆ ಯಾರೂ ಇರಲಿಲ್ಲ. ಕರೆದಾಗ ಹೋಗುತ್ತಿದ್ದಳು. ಜೈಲು ಸೇರಿದ್ದ ಸಂಜಯ ಆರು ತಿಂಗಳಿಗೆ ಜಾಮೀನಿನ ಮೇಲೆ ಬಂದ. ಅವನು ಯಾಕೆ ಹಾಗೆ ಮಾಡಿದ ಎಂಬುದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ವಕೀಲರು ಒಂದು ಹೇಳಿದರು, ಊರಿನವರು ಇನ್ನೊಂದು.

ಎರಡು ವರ್ಷದಲ್ಲಿ ಕೋರ್ಟಿನ ಎಷ್ಟೋ ತಾರೀಖುಗಳು ಮುಂದೆ ಹೋದವು. ಕಡೆಗೊಂದು ದಿನ ಅಥಣಿಯಲ್ಲಿ ಅವಳ ಸಾಕ್ಷಿ ಆಯಿತು. ಸಂಜಯನ ಕಡೆಯ ವಕೀಲರು, “ನೀ ಏನ್ ಡಾಕ್ಟರ್ ಅದಿ ಏನವಾ? ಯಾವಾಗ ಸತ್ತಾಳಂತ ನಿನಗ ಹೆಂಗ ಗೊತ್ತಾತು?” ಎಂದು ಕೇಳಿದರು.

“ಮೊಣಕಾಲ ಹಿಡದ ನೋಡಿದ್ನಿರಿ,” ಅಂದಳು.

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಅದನ್ನು ಹಾಗೆಯೇ ಬರೆಸಿದರು. ಮಾತು ಮುಗಿಯಿತು, ಇಳಿಯಿರಿ ಎಂದಾಗ ಅಕ್ಕುತಾಯಿ ಕಟಕಟೆಯ ಕಟ್ಟಿಗೆ ಹಿಡಿದು ನಿಂತೇ ಇದ್ದಳು. “ಇನ್ನೊಂದ ಐತ್ರಿ,” ಅಂದಳು. “ಮಹಾನಂದಾ ಅಂತ. ಹದಿನಾಕ ವರ್ಸಾತು. ಆಕೀ ಕುತ್ತಿಗ್ಯಾಗೂ ಇತ್ರಿ. ನಾನ ಮುಚ್ಚಿದ್ನಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಅಮ್ಮಾ,” ಎಂದರು, ಮೆತ್ತಗೆ. “ಇಳಿದು ಹೋಗಿ.”

ಹೊರಗೆ ಕಾಳವ್ವ ಕಾಯುತ್ತಿದ್ದಳು. ಇಬ್ಬರೂ ಕೋರ್ಟಿನ ಆವರಣದ ಹುಣಸೆ ಮರದ ಕೆಳಗೆ ಕೂತು, ಕಾಳವ್ವ ಕಟ್ಟಿ ತಂದ ರೊಟ್ಟಿ, ಶೇಂಗಾ ಚಟ್ನಿ ತಿಂದರು. ತೀರ್ಪು ಯಾವಾಗ ಎಂದು ಕಾಳವ್ವ ಕೇಳಿದಳು, ಅಕ್ಕುತಾಯಿಗೂ ಗೊತ್ತಿರಲಿಲ್ಲ. ಆಮೇಲೆ ಕಾಳವ್ವ ಕಾಗವಾಡದ ಬಸ್ಸು ಹತ್ತಿದಳು. ಅಕ್ಕುತಾಯಿಗೆ ವಿಜಯಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಐಗಳಿ ಕ್ರಾಸಿಗೆ ಟಿಕೆಟ್ ತೆಗೆದು, ತಲೆಯನ್ನು ಸರಳಿಗೆ ಆನಿಸಿದ್ದಷ್ಟೇ ನೆನಪು. ಕಂಡಕ್ಟರ್ ಭುಜ ಅಲ್ಲಾಡಿಸಿದಾಗ ಬಸ್ಸು ತೆಲಸಂಗದಲ್ಲಿ ನಿಂತಿತ್ತು.

“ಎಷ್ಟ ಕೂಗಿದ್ರೂ ಏಳಲಿಲ್ಲಲ್ಲ ಆಯಿ,” ಅಂದ ಅವನು. “ಇಳೀರಿ. ತಿರುಗಿ ಹೋಗೂ ಬಸ್ಸು ಇನ್ನ ಒಂದ ತಾಸೈತಿ.”

ಅವಳು ಇಳಿದಳು. ನಿಲ್ದಾಣದ ಕಲ್ಲುಬೆಂಚು ಮಧ್ಯಾಹ್ನದ ಬಿಸಿಲಿಗೆ ಕಾದಿತ್ತು. ಸೆರಗನ್ನು ಮಡಚಿ ಹಾಸಿಕೊಂಡು ಕೂತಳು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಮಡಿಲಲ್ಲಿ ಹಸುಗೂಸನ್ನಿಟ್ಟುಕೊಂಡು ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಸಿಗದೆ, “ಸ್ವಲ್ಪ ಹಿಡೀತೀಯೇನವಾ?” ಎಂದು, ಅದು ಯಾರ ಕೈ ಎಂದು ತಿಳಿಯದೆ, ಕೂಸನ್ನು ಅಕ್ಕುತಾಯಿಯ ಕೈಗೆ ಕೊಟ್ಟಳು. ಅಕ್ಕುತಾಯಿ ಹಿಡಿದುಕೊಂಡಳು.